ಸಹಾಯ ಬೇಕು: ಅಪ್ಪನಿಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿಸಲೇಬೇಕಾ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಗ್ಯಾಸ್ಟ್ರಿಕ್ ಅಂತ ಸುಮ್ನೆ ಮಾತ್ರೆ ನುಂಗಿಕೊಂಡೇ ಇದ್ದರು, ಹೋದ ತಿಂಗಳು ನಾನೇ ಹಟ ಮಾಡಿ ಎಂಡೋಸ್ಕೋಪಿ ಮಾಡಿಸಿದೆ. ಹೊಟ್ಟೆಯೊಳಗೆ ಸುಮಾರು 2 ಸೆಂಟಿಮೀಟರ್ ಕೆಂಪು ಮಚ್ಚೆ, ನಡುವೆ ಸಣ್ಣ ಹುಣ್ಣು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಆರಂಭದ ಹಂತವಂತೆ, ಅದೊಂದೇ ಸಮಾಧಾನ.

ಈಗಿರುವ ಪ್ರಶ್ನೆ ಆಳದ್ದು. ಒಳಪದರದಲ್ಲೇ ಇದ್ದರೆ ಇಎಸ್‌ಡಿ, ಅಂದರೆ ಬಾಯಿಯಿಂದ ಸ್ಕೋಪ್ ಇಳಿಸಿ ಆ ಜಾಗವನ್ನಷ್ಟೇ ಸುಲಿದು ತೆಗೆಯಬಹುದು. ಅದರ ಕೆಳಗಿನ ಸಬ್‌ಮ್ಯೂಕೋಸಾ ಪದರಕ್ಕೆ ಅರ್ಧ ಮಿಲಿಮೀಟರ್‌ಗಿಂತ ಜಾಸ್ತಿ ಇಳಿದಿದ್ದರೆ ಲಿಂಫ್ ಗಂಟುಗಳಿಗೆ ಹರಡುವ ಭಯ ಹೆಚ್ಚು, ಹಾಗಾಗಿ ಆಪರೇಷನ್. ಬರೀ ಅರ್ಧ ಮಿಲಿಮೀಟರ್! ನಮ್ಮ ಡಾಕ್ಟರ್ ಚೀಟಿಯ ಹಿಂದೆ ಐದು ಗೆರೆ ಎಳೆದು, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ, ಅಂದರೆ ಸ್ಕೋಪ್ ಮೂಲಕ ಒಳಗಿನಿಂದಲೇ ಮಾಡುವ ಸ್ಕ್ಯಾನ್‌ನಲ್ಲಿ, ಹೊಟ್ಟೆಯ ಗೋಡೆ ಹೀಗೆ ಕಾಣುತ್ತದೆ, ಮೂರನೇ ಗೆರೆ, ಅಂದರೆ ಸಬ್‌ಮ್ಯೂಕೋಸಾದ ಬಿಳಿ ಗೆರೆ, ಕೆಟ್ಟಿದೆಯಾ ನೋಡೋಣ ಅಂದರು.

ಇನ್ನೊಬ್ಬ ಡಾಕ್ಟರ್, ಹುಣ್ಣಿದ್ದರೆ ಊತ, ಗಾಯದ ಕಲೆಯಿಂದಾಗಿ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಇರುವುದಕ್ಕಿಂತ ಆಳವಾಗಿ ಕಾಣಬಹುದು, ನೇರ ಇಎಸ್‌ಡಿ ಮಾಡಿ, ತೆಗೆದ ತುಂಡಿನ ರಿಪೋರ್ಟ್ ನೋಡೋಣ ಅನ್ನುತ್ತಾರೆ. ಇಬ್ಬರ ಮಾತೂ ಸರಿ ಅನಿಸುತ್ತದೆ, ಅದೇ ಕಷ್ಟ.

ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ? ಸ್ಕ್ಯಾನ್ ಹೇಳಿದ ಆಳಕ್ಕೂ ಕೊನೆಯ ರಿಪೋರ್ಟ್‌ಗೂ ತಾಳೆಯಾಯಿತಾ? ಬೆಂಗಳೂರಿನಲ್ಲಿ ಈ ಸ್ಕ್ಯಾನ್‌ಗೆ ಬಳಸುವ 20 ಮೆಗಾಹರ್ಟ್ಸ್‌ನ ಸಣ್ಣ ಪ್ರೋಬ್ ಎಲ್ಲಿದೆ, ಖರ್ಚೆಷ್ಟು? ದಯವಿಟ್ಟು ಕಷಾಯದ ಸಲಹೆ ಬೇಡ, ಅದನ್ನು ಅತ್ತೆ ಆಗಲೇ ಕೊಟ್ಟಿದ್ದಾರೆ.