ಪೌಡರ್ ಕೋಟಿಂಗ್ ಜೊತೆ ಸೆರಾಮಿಕ್ ಕೋಟಿಂಗ್: ಇರೋ ಸೆಟಪ್ ಸಾಕಾ?

ಪ್ರಶ್ನೆ: ಮೈಸೂರು ಹೆಬ್ಬಾಳದಲ್ಲಿ ಸಣ್ಣ ಪೌಡರ್ ಕೋಟಿಂಗ್ ಶೆಡ್ ಇದೆ. ಬೈಕ್ ಸೈಲೆನ್ಸರ್‌ಗೆ ಸೆರಾಮಿಕ್ (ಬಿಸಿ ತಡೆಯೋ ತೆಳು ಲೇಪನ) ಕೇಳ್ತಿದ್ದಾರೆ. ಇದೇ ಓವನ್, ಬೂತ್ (ಸ್ಪ್ರೇ ಮಾಡೋ ಗೂಡು), ಗನ್ ಆಗುತ್ತಾ?

ಉತ್ತರ 1: ಓವನ್ ಆಗುತ್ತೆ, ಗನ್ ಆಗಲ್ಲ ಸರ್. ಸೆರಾಮಿಕ್ ಪುಡಿಯಲ್ಲ, ದ್ರವ; 0.8 ಎಂಎಂ ನಾಜಲ್‌ನ ಎಚ್‌ವಿಎಲ್‌ಪಿ ಗನ್ (ಕಮ್ಮಿ ಒತ್ತಡದಲ್ಲಿ ಹೆಚ್ಚು ಗಾಳಿ ಬಿಡೋ ಪೇಂಟ್ ಸ್ಪ್ರೇ ಗನ್) ಬೇಕು. ಪೌಡರ್ 60-80 ಮೈಕ್ರಾನ್ ದಪ್ಪ ಕೂರುತ್ತೆ, ಸೆರಾಮಿಕ್ 25ರ ಆಸುಪಾಸು ಸಾಕು. ದಪ್ಪ ಹೊಡೆದ್ರೆ ಬಿಸಿಗೆ ಸಿಪ್ಪೆ ಏಳುತ್ತೆ.

ಉತ್ತರ 2: ಬೂತ್ ಬೇರೆ ಮಾಡಿಸಲೇಬೇಕು. ಪೌಡರ್ ಧೂಳು ಬಿದ್ರೆ ಫಿನಿಶ್ ಹಾಳು. ಸೆರಾಮಿಕ್‌ನಲ್ಲಿರೋ ಥಿನ್ನರ್ ಆವಿಗೆ ಕಿಡಿ ತಾಗಿದ್ರೆ ಬೆಂಕಿ. ಧೂಳಿನ ಮಾಸ್ಕ್ ಆವಿ ತಡೆಯಲ್ಲ, ಆವಿ ಹೀರೋ ಫಿಲ್ಟರ್ ಇರೋ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿ.

ಉತ್ತರ 1: ಮರೆತಿದ್ದೆ: ಹಳೇ ಸೈಲೆನ್ಸರ್ ಮೊದಲು ಓವನ್‌ನಲ್ಲಿ ಕಾಯಿಸಿ, ಒಳಗಿನ ಎಣ್ಣೆ ಹೊರಬರಲಿ. ಆಮೇಲೆ 100-120 ಗ್ರಿಟ್ ಅಲ್ಯೂಮಿನಿಯಂ ಆಕ್ಸೈಡ್ ಬ್ಲಾಸ್ಟಿಂಗ್ (ಗಟ್ಟಿ ಹರಳನ್ನ ಗಾಳಿಯಲ್ಲಿ ಹೊಡೆದು ಮೈ ಒರಟು ಮಾಡೋದು). ಅದಾದ್ಮೇಲೆ ಬರಿಗೈಲಿ ಮುಟ್ಟಬೇಡಿ, ಕೈಯೆಣ್ಣೆ ಅಂಟುತ್ತೆ.