ಬೆರಳು ನೋಯುವ ವಯಸ್ಸಿನಲ್ಲಿ ಕೌದಿ ಹೊಲಿಗೆ

ಪ್ರಶ್ನೆ (ಧಾರವಾಡದಿಂದ):
ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಹಳೆಯ ಇಳಕಲ್ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಕೌದಿ (ಹೊದಿಕೆ) ಹೊಲಿಯುವುದೆಂದರೆ ಅವರಿಗೆ ಇಂದಿಗೂ ಬಲು ಇಷ್ಟ. ಆದರೆ ಬೆರಳ ಗಂಟುಗಳ ನೋವಿನಿಂದಾಗಿ ದಪ್ಪ ಪದರಗಳಿಂದ ಸೂಜಿ ಎಳೆಯಲಾಗುತ್ತಿಲ್ಲ, ದಾರ ಪೋಣಿಸಲೂ ಮೊಮ್ಮಕ್ಕಳನ್ನು ಕರೆಯಬೇಕಾಗಿದೆ. ಹೊಲಿಗೆಯನ್ನು ಬಿಡಿಸದೆ ಹಗುರಗೊಳಿಸುವ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಬಾಗಲಕೋಟೆಯಿಂದ):
ಅಕ್ಕಾ, ಮೊದಲು ಪದರಗಳನ್ನು ಕಡಿಮೆ ಮಾಡಿಸಿ. ದೊಡ್ಡ ಕೌದಿಯ ಬದಲು ತೊಟ್ಟಿಲಿನ ಕೌದಿ ಹೊಲಿಯಲಿ. ಅದು ತೊಡೆಯ ಮೇಲೆಯೇ ಹಿಡಿಯುವುದರಿಂದ ನೆಲದ ಮೇಲೆ ಬಗ್ಗಿ ಕೂರಬೇಕಾಗಿಲ್ಲ. ತೊಳೆದು ತೊಳೆದು ಮೆತ್ತಗಾದ ಹತ್ತಿಯ ಬಟ್ಟೆಯಲ್ಲಿ ಸೂಜಿ ಸಲೀಸಾಗಿ ಓಡುತ್ತದೆ. ಹಳೆಯ ಸೈಕಲ್ ಟ್ಯೂಬಿನ ಚಿಕ್ಕ ಚೂರೊಂದನ್ನು ಬೆರಳುಗಳ ನಡುವೆ ಇಟ್ಟುಕೊಂಡು ಸೂಜಿಯನ್ನು ಹಿಡಿದೆಳೆದರೆ ಅದು ಜಾರುವುದಿಲ್ಲ, ಅರ್ಧದಷ್ಟು ಬಲವೂ ಬೇಕಾಗುವುದಿಲ್ಲ. ಮೊಮ್ಮಕ್ಕಳು ಶಾಲೆಗೆ ಹೋಗುವ ಮುನ್ನ ಏಳೆಂಟು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟರೆ ದಿನವಿಡೀ ಯಾರನ್ನೂ ಕಾಯಬೇಕಾಗಿಲ್ಲ.

ಉತ್ತರ (ಹಳಿಯಾಳದಿಂದ):
ನಮ್ಮ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಕೌದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತಾ ನಡುವಿಗೆ ತರುತ್ತಾರೆ. ಹಾಗೆ ಹೊಲಿಯುವಾಗ ಇಬ್ಬರು ಮೂವರು ಎದುರುಬದುರು ಕೂತು, ಗಟ್ಟಿಯಾದ ಭಾಗವನ್ನು ಕಿರಿಯರಿಗೆ ಬಿಟ್ಟು, ಬಣ್ಣದ ತುಂಡುಗಳನ್ನು ಎಲ್ಲಿ ಕೂಡಿಸಬೇಕೆಂಬ ತೀರ್ಮಾನವನ್ನು ಹಿರಿಯರೇ ಮಾಡಬಹುದು. ನನ್ನ ಮಟ್ಟಿಗೆ ಕೌದಿಯ ನಿಜವಾದ ಕಸುಬು ಅದೇ, ಟಾಕುಗಳಲ್ಲ.

ಉತ್ತರ (ಬೆಳಗಾವಿಯಿಂದ):
ಕನ್ನಡಕದ ನಂಬರನ್ನೂ, ಪೊರೆ ಬಂದಿದೆಯೇ ಎಂಬುದನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಕಪ್ಪು ಬಟ್ಟೆಗೆ ಬಿಳಿ ದಾರ ಬಳಸಲಿ, ಹಗಲ ಬೆಳಕಿನಲ್ಲಷ್ಟೇ ಹೊಲಿಯಲಿ.