ಅಪ್‌ಡೇಟ್: ಎನ್‌ಎಫ್‌ಎಸ್ ಸರ್ವರ್‌ನಲ್ಲಿ 3ನೇ ಆವೃತ್ತಿ ಕೊನೆಗೂ ನಿಂತಿತು

ಜಾಲದ ಮೂಲಕ ಕಡತಗಳನ್ನು ಹಂಚುವ ಎನ್‌ಎಫ್‌ಎಸ್‌ನ 3ನೇ ಆವೃತ್ತಿಯನ್ನು ಲಿನಕ್ಸ್ ಸರ್ವರ್‌ನಲ್ಲಿ ನಿಲ್ಲಿಸಲೆಂದು, ಎನ್‌ಎಫ್‌ಎಸ್‌ಡಿ ಫೈಲ್‌ಸಿಸ್ಟಮ್‌ನ (ಆ ಸರ್ವರ್‌ನ ಸೆಟ್ಟಿಂಗ್‌ಗಳನ್ನು ಕರ್ನಲ್ ಕಡತಗಳಾಗಿ ತೋರಿಸುವ ಜಾಗ) ‘ವರ್ಷನ್ಸ್’ ಕಡತಕ್ಕೆ ‘-3’ ಎಂದು ಬರೆದಾಗಲೆಲ್ಲ ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ ಎಂಬ ದೋಷ ಬರುತ್ತಿದೆಯೆಂದು ಕಳೆದ ವಾರ ಕೇಳಿದ್ದೆ. ಎಕ್ಸ್‌ಪೋರ್ಟ್ ಪಟ್ಟಿಯನ್ನು (ಯಾವ ಫೋಲ್ಡರ್‌ಗಳನ್ನು ಯಾರಿಗೆ ಹಂಚಬೇಕೆಂಬ ಪಟ್ಟಿ) ಮತ್ತೆ ಓದಿಸುವ ಸಲಹೆಯಿಂದ ಏನೂ ಆಗಲಿಲ್ಲ. ಆ ಪಟ್ಟಿಗೂ ಆವೃತ್ತಿಗೂ ಸಂಬಂಧವೇ ಇಲ್ಲ. ಸರ್ವರ್ ಓಡುತ್ತಿರುವಾಗ ಕರ್ನಲ್ ಆವೃತ್ತಿಯನ್ನು ಬದಲಿಸಲು ಬಿಡುವುದಿಲ್ಲವೆಂದು ತಿಳಿಸಿದವರ ಮಾತೇ ನಿಜವಾಯಿತು. ಮೊದಲು ಸರ್ವರ್‌ನ ಥ್ರೆಡ್‌ಗಳ ಸಂಖ್ಯೆ ಇರುವ ‘ಥ್ರೆಡ್ಸ್’ ಕಡತಕ್ಕೆ 0 ಬರೆದು ಸರ್ವರ್ ನಿಲ್ಲಿಸಿ, ಬಳಿಕ ‘ವರ್ಷನ್ಸ್’ ಕಡತಕ್ಕೆ ‘-3’ ಬರೆದು, ಕೊನೆಗೆ ‘ಥ್ರೆಡ್ಸ್’ಗೆ ಮತ್ತೆ 8 ಬರೆದಾಗ ಎಲ್ಲವೂ ಸರಿಹೋಯಿತು. ಅವರಿಗೆ ಮನಃಪೂರ್ವಕ ಧನ್ಯವಾದಗಳು.

ನಾನು ನಿರೀಕ್ಷಿಸದೇ ಇದ್ದದ್ದು ಒಂದಿತ್ತು: ಹೀಗೆ ಮತ್ತೆ ಶುರುಮಾಡಿದಾಗ, 4ನೇ ಆವೃತ್ತಿಯ ಕ್ಲೈಂಟ್‌ಗಳು ಕಡತಗಳ ಮೇಲಿದ್ದ ಹಳೆಯ ಲಾಕ್‌ಗಳನ್ನು (ಬೀಗಗಳನ್ನು) ಮರಳಿ ಪಡೆಯಲೆಂದು ಸರ್ವರ್ ಪೂರ್ವನಿಗದಿಯಂತೆ 90 ಸೆಕೆಂಡುಗಳವರೆಗೆ ಅವಕಾಶ ನೀಡುತ್ತದೆ, ಆ ಅವಧಿಯಲ್ಲಿ ಹೊಸ ಲಾಕ್ ಸಿಗುವುದಿಲ್ಲ. ಆದ್ದರಿಂದ ಬಳಕೆದಾರರಿಗೆ ಮೊದಲೇ ತಿಳಿಸಿ. ರೀಬೂಟ್ ಆದರೆ ಈ ಬದಲಾವಣೆ ಅಳಿಸಿಹೋಗುವುದರಿಂದ, ಎನ್‌ಎಫ್‌ಎಸ್ ಸಂರಚನಾ ಕಡತದಲ್ಲೂ 3ನೇ ಆವೃತ್ತಿಯನ್ನು ನಿಷ್ಕ್ರಿಯಗೊಳಿಸಿದ್ದೇನೆ.